ತಲೆಹೊಟ್ಟಿನವನ ಬಿಳಿ ಅಂಗಿ

ನನ್ನ ಬಿಳಿ ಅಂಗಿಯ ಬಗ್ಗೆ ಬೈಕುಲ್ಲಾದಲ್ಲಿ ಬಹಳ ಗೌರವವಿದೆ. ಮೂವತ್ತು ವರ್ಷಗಳಿಂದ ನಾನು ಅಲ್ಲಿನ ಒಂದು ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಕೂತವನು. ಇಷ್ಟು ವರ್ಷಗಳಲ್ಲಿ ನನ್ನನ್ನು ಬಣ್ಣದ ಅಂಗಿಯಲ್ಲಿ ಕಂಡವರಿಲ್ಲ. ದಿನಾ ಬರುವ ಗಿರಾಕಿಗಳು ಇದಕ್ಕೆ ತಮಗೆ ತೋಚಿದ ಅರ್ಥ ಕೊಟ್ಟುಕೊಂಡಿದ್ದಾರೆ. ಸರಳ ಮನುಷ್ಯ ಎಂದು ಕೆಲವರು, ದೈವಭಕ್ತ ಎಂದು ಕೆಲವರು. ಪಕ್ಕದ ಬಟ್ಟೆ ಅಂಗಡಿಯ ಸೇಠ್ ಒಮ್ಮೆ ತನ್ನ ಮಗನಿಗೆ ನನ್ನನ್ನು ತೋರಿಸಿ, "ಆದ್ಮೀ ಹೋ ತೋ ಐಸಾ", ಮನುಷ್ಯನಾದರೆ ಹೀಗಿರಬೇಕು ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕೇಳಿಸದವನ ಹಾಗೆ ಸೋಂಪಿನ ಬಟ್ಟಲನ್ನು ಅತ್ತಿತ್ತ ಸರಿಸಿದ್ದೇನೆ.

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಬಿಳಿ ಅಂಗಿಗೆ ಕಾರಣ ಸರಳತೆಯೂ ಅಲ್ಲ, ಭಕ್ತಿಯೂ ಅಲ್ಲ. ತಲೆಹೊಟ್ಟು. ಬಿಳಿಯ ಮೇಲೆ ಬಿಳಿ ಬಿದ್ದರೆ ಯಾರಿಗೂ ಕಾಣುವುದಿಲ್ಲ, ಅಷ್ಟೇ ಸಂಗತಿ.

ಭಕ್ತಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಹೋಟೆಲಿನಲ್ಲಿ ಪ್ರತಿ ವರ್ಷ ನಾಲ್ಕೈದು ಮಂದಿ ಅಯ್ಯಪ್ಪನ ಮಾಲೆ ಹಾಕುತ್ತಾರೆ. "ನೀವು ಯಾವಾಗ ಹಾಕುವುದು?" ಎಂದು ಪ್ರತಿ ವರ್ಷ ನನ್ನನ್ನು ಕೇಳುತ್ತಾರೆ. ನಾನು ಕಣ್ಣು ಅರೆಮುಚ್ಚಿ, "ಸ್ವಾಮಿ ಇನ್ನೂ ಕರೆದಿಲ್ಲ" ಎನ್ನುತ್ತೇನೆ. ಕೇಳಿದವರು ಕೈಮುಗಿಯುವುದೊಂದು ಬಾಕಿ. ಸ್ವಾಮಿ ಕರೆದಿದ್ದರೂ ನಾನು ಹೋಗುವವನಲ್ಲ. ನಲವತ್ತೊಂದು ದಿನ ಕಪ್ಪು ಬಟ್ಟೆ ಉಟ್ಟು ಗಲ್ಲಾದ ಮೇಲೆ ಕೂತರೆ ನನ್ನ ಗತಿ ಏನು? ಈ ತಲೆಯಿಂದಾಗಿ ತಪ್ಪಿಹೋದ ಪುಣ್ಯದ ಲೆಕ್ಕವನ್ನು ಆ ಸ್ವಾಮಿಯೇ ಇಟ್ಟುಕೊಳ್ಳಬೇಕು.

ತಲೆ ಎಂದರೆ ಬರೀ ತಲೆಯಲ್ಲ, ಗುಂಗುರು ತಲೆ. ಕೂದಲು ಬುಡದಿಂದಲೇ ಸುರುಳಿ ಸುತ್ತಿಕೊಂಡು ಹುಟ್ಟುತ್ತದೆ. ಊರಿನ ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನವರು ಪೆನ್ಸಿಲ್ ತುಂಡುಗಳನ್ನು ನನ್ನ ಕೂದಲಿಗೆ ಸಿಕ್ಕಿಸುತ್ತಿದ್ದರು. ಒಂದು ದಿನ ಗಣಿತದ ಮಾಸ್ತರರು ನನ್ನ ತಲೆಗೊಂದು ಮೊಟಕಿದಾಗ ಮೂರು ತುಂಡು ಪೆನ್ಸಿಲು, ಒಂದು ಬಳಪ ಉದುರಿದವು. ಮಾಸ್ತರರು ಹೊಡೆಯುವುದನ್ನು ಮರೆತು, ಇನ್ನೂ ಏನಾದರೂ ಇದೆಯೇ ಎಂದು ಆಸಕ್ತಿಯಿಂದ ಬೆರಳಾಡಿಸಿ ನೋಡಿದರು. ಕೈ ಹೊರಗೆ ಬಂದಾಗ ಬೆರಳ ತುದಿಗಳು ಬೆಳ್ಳಗಾಗಿದ್ದವು. ಬಳಪದ ಪುಡಿ ಎಂದುಕೊಂಡರು ಅವರು. ನಾನೂ ಹಾಗೆಯೇ ಅಂದುಕೊಂಡೆ. ಅಂದುಕೊಳ್ಳುವುದರಲ್ಲಿ ಸುಖವಿತ್ತು.

ಮುಂಬಯಿಗೆ ಬಂದ ಮೇಲೆ ಹಾಗೆ ಅಂದುಕೊಳ್ಳಲು ಲೋಕಲ್ ರೈಲು ಬಿಡಲಿಲ್ಲ. ನನ್ನ ಮನೆ ದಹಿಸರ್‌ನಲ್ಲಿ. ದಾದರಿನವರೆಗೆ ವೆಸ್ಟರ್ನ್ ಲೈನು, ಅಲ್ಲಿ ಸೇತುವೆ ಹತ್ತಿ ಇಳಿದು ಸೆಂಟ್ರಲ್ ಲೈನು, ಆಮೇಲೆ ಬೈಕುಲ್ಲಾ. ನಾನು ಆಳೂ ಗಿಡ್ಡ. ರೈಲಿನಲ್ಲಿ ನನ್ನ ಹಿಂದೆ ನಿಂತವನಿಗೆ ನನ್ನ ನೆತ್ತಿಯೇ ಪೇಪರು. ದಹಿಸರ್‌ನಿಂದ ದಾದರಿನವರೆಗೆ ಓದಲು ಬೇರೆ ಏನೂ ಇರುವುದಿಲ್ಲ. ಒಂದು ಬೆಳಿಗ್ಗೆ ಇಬ್ಬರು ಮರಾಠಿಯಲ್ಲಿ ನನ್ನ ತಲೆಯ ಮೇಲೆ ಚರ್ಚೆ ನಡೆಸಿದರು. "ಕಿತೀ ಕೋಂಡಾ ರೇ!" ಎಂದ ಒಬ್ಬ. ಎಷ್ಟು ಹೊಟ್ಟಪ್ಪಾ ಎಂದು. ಇನ್ನೊಬ್ಬ, ಈ ಮನುಷ್ಯ ಎಣ್ಣೆ ಹಚ್ಚುವುದಿಲ್ಲ, ತಲೆ ಒಣಗಿದೆ ಎಂದ. ನನಗೆ ಮರಾಠಿ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಹೊಟ್ಟು ಎಂದದ್ದಕ್ಕೆ ಬೇಸರವಾಗಲಿಲ್ಲ. ಎಣ್ಣೆ ಹಚ್ಚುವುದಿಲ್ಲ ಎಂದನಲ್ಲ, ಅದಕ್ಕೆ ಸಿಟ್ಟು ಬಂತು.

ಯಾಕೆಂದರೆ ನಾವು ಕರಾವಳಿಯವರು. ಎಣ್ಣೆ ಹಚ್ಚದೆ ಇರುವುದು ನಮ್ಮಲ್ಲಿ ಹಲ್ಲುಜ್ಜದೆ ಇರುವುದಕ್ಕೆ ಸಮ. ನನ್ನ ಹೆಂಡತಿ ಸುಮತಿ ಮದುವೆಯಾದ ಮೊದಲ ಭಾನುವಾರದಿಂದ ನನ್ನ ತಲೆಗೆ ಎಣ್ಣೆ ತಿಕ್ಕುತ್ತಾ ಬಂದವಳು. ಅಡುಗೆಮನೆಯ ಬಾಗಿಲಲ್ಲಿ ಅವಳು ಸ್ಟೂಲಿನ ಮೇಲೆ, ನಾನು ಕೆಳಗೆ ಮಣೆಯ ಮೇಲೆ. ಒಂದು ಬಟ್ಟಲು ಬೆಚ್ಚಗಿನ ತೆಂಗಿನೆಣ್ಣೆ. ವಾರದ ಆರು ದಿನ ನಾನು ಅವಳು ಏಳುವ ಮೊದಲೇ ಮನೆ ಬಿಟ್ಟು, ಅವಳು ಊಟ ಮುಚ್ಚಿಟ್ಟ ಮೇಲೆ ಮನೆ ಸೇರುವವನು. ಊರಿನ ಸುದ್ದಿ, ಬಿಲ್ಡಿಂಗಿನ ನೀರಿನ ಜಗಳ, ಅವಳ ಮಂಡಿನೋವು ಎಲ್ಲವೂ ನನಗೆ ತಿಳಿಯುತ್ತಿದ್ದದ್ದು ಆ ಮಣೆಯ ಮೇಲೆ. ಎಣ್ಣೆ ಹಚ್ಚಿದ ಎರಡು ದಿನ ಹೊಟ್ಟು ಬೀಳುತ್ತಲೂ ಇರಲಿಲ್ಲ. ನೋಡಿ, ಎಣ್ಣೆಯ ಗುಣ ಎಂದು ನಾವಿಬ್ಬರೂ ಹೆಮ್ಮೆಪಡುತ್ತಿದ್ದೆವು. ಬುಧವಾರದ ಹೊತ್ತಿಗೆ ಮತ್ತೆ ಶುರುವಾದರೆ, ಎಣ್ಣೆ ಸಾಲಲಿಲ್ಲ ಎಂಬ ತೀರ್ಮಾನಕ್ಕೆ ಬಂದು ಮುಂದಿನ ಭಾನುವಾರ ಇನ್ನೊಂದು ಚಮಚ ಹೆಚ್ಚಿಗೆ.

ಹೀಗೆ ಬಿಳಿ ಅಂಗಿ, ತೆಂಗಿನೆಣ್ಣೆ ಎರಡರ ಆಸರೆಯಲ್ಲಿ ನನ್ನ ಸಂಸಾರ ಸುಸೂತ್ರವಾಗಿ ನಡೆದಿತ್ತು. ಅಷ್ಟರಲ್ಲಿ ನಮ್ಮ ಧಣಿಗಳ ಮಗ ಸುಹಾಸ ಹೋಟೆಲಿನ ಜವಾಬ್ದಾರಿ ವಹಿಸಿಕೊಂಡ.

ಸುಹಾಸ ಒಳ್ಳೆಯ ಹುಡುಗ. ಇಲ್ಲೇ ಹುಟ್ಟಿ ಬೆಳೆದವನು, ನಾನು ಎತ್ತಿ ಆಡಿಸಿದವನು. ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಅರ್ಧದಲ್ಲಿ ಹಿಂದಿಯ ಕೈಹಿಡಿಯುತ್ತಾನೆ. ಬಂದವನೇ ಹೋಟೆಲಿಗೆ ಹೊಸ ರೂಪ ಕೊಡುತ್ತೇನೆಂದು ಹೊರಟ. ಹೊಸ ಮೇಜು, ಹೊಸ ದೀಪ, ದೀಪಾವಳಿ ಕಳೆದ ನಾಲ್ಕನೇ ದಿನ ಹೊಸದಾಗಿ ಶುರು. ಎಲ್ಲದಕ್ಕೂ ನಾನು ತಲೆಯಾಡಿಸಿದೆ, ಮೆಲ್ಲಗೆ, ಹೊಟ್ಟು ಬೀಳದ ಹಾಗೆ. ಆಮೇಲೆ ಅವನೊಂದು ಪೆಟ್ಟಿಗೆ ತಂದು ಗಲ್ಲಾದ ಮೇಲಿಟ್ಟು ಒಂದು ಟೀ ಶರ್ಟ್ ಹೊರತೆಗೆದ. ಅಪ್ಪಟ ಕಪ್ಪು. ಭುಜದ ಮೇಲೆ ಒಂದು ಗೆರೆಯೂ ಇಲ್ಲ.

"ಎಲ್ಲರಿಗೂ ಸೇಮ್ ಯೂನಿಫಾರ್ಮ್, ಅಣ್ಣ. ಬ್ಲ್ಯಾಕ್. ರಿಚ್ ಕಾಣ್ತದೆ."

"ನನಗೂವಾ?" ಎಂದೆ.

ಅವನು ನನ್ನ ಮುಖ ನೋಡಲಿಲ್ಲ. ಭುಜ ನೋಡಿದ. ಬಹಳ ಹೊತ್ತಲ್ಲ, ಒಂದು ಕ್ಷಣ. "ಅಣ್ಣ, ಬುರಾ ಮತ್ ಮಾನೋ. ನಿಮಗೆ ಪ್ರಾಬ್ಲೆಮ್ ಇದ್ದರೆ ಊಪರ್ ಆಫೀಸ್ ಇದೆ ನಾ? ಅಲ್ಲಿ ಕೂತು ಪರ್ಚೇಸ್ ನೋಡ್ಕೊಳ್ಳಿ. ಎಸಿ ಉಂಟು. ಗಲ್ಲಾಕ್ಕೆ ನಾನು ಬೇರೆ ಯಾರನ್ನಾದರೂ ಕೂರಿಸ್ತೇನೆ."

ಅವನಿಗೆ ಗೊತ್ತಿತ್ತು. ಮೂವತ್ತು ವರ್ಷ ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದು ಎಲ್ಲರಿಗೂ ಗೊತ್ತಿತ್ತು. ಅವಮಾನವಾಯಿತು, ಹೇಳಿಕೊಳ್ಳಲು ಸಂಕೋಚವಿಲ್ಲ. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಯಾರು ಸಕ್ಕರೆ ಇಲ್ಲದ ಕಾಫಿಯವರು, ಯಾರ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ಯಾರಿಗೆ ಇವತ್ತು ಮಾತು ಬೇಡ, ಯಾರಿಗೆ ಬೇಕು, ಇದೆಲ್ಲ ನನಗೆ ಗಲ್ಲಾದ ಮೇಲಿಂದ ಗೊತ್ತು. ಮೇಲಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಕಿಟಕಿ ಇದೆ. ಕಿಟಕಿಯಿಂದ ಫ್ಲೈಓವರ್‌ನ ಹೊಟ್ಟೆ ಕಾಣುತ್ತದೆ. ಗಲ್ಲಾ ಬಿಟ್ಟರೆ ನಾನು ಯಾರೂ ಅಲ್ಲ.

"ಎರಡು ತಿಂಗಳು ಟೈಮ್ ಕೊಡು. ಕಪ್ಪು ಹಾಕಿಕೊಂಡು ಇಲ್ಲೇ ಕೂರುತ್ತೇನೆ" ಎಂದೆ. ದೊಡ್ಡ ದನಿಯಲ್ಲಿಯೇ ಹೇಳಿದೆ. ಹೇಗೆ ಎಂಬುದು ನನಗೆ ಗೊತ್ತಿರಲಿಲ್ಲ, ಅದು ಬೇರೆ ವಿಷಯ.

ಈ ಮಾತು ಅಡುಗೆಮನೆಗೆ ಮುಟ್ಟಲು ಹತ್ತು ನಿಮಿಷ ಸಾಕಾಯಿತು. ನಮ್ಮ ದೋಸೆಕಲ್ಲಿನ ರಾಘವಣ್ಣ ಕುಂದಾಪುರದ ಕಡೆಯವರು, ನನಗಿಂತ ಹಿರಿಯರು. ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದರು. "ಹ್ವಾಯ್, ನೀವ್ ಎಂತಕ್ ತಲಿಬಿಸಿ ಮಾಡ್ಕಂತ್ರಿ? ಹುಳಿ ಮಜ್ಜಿಗಿಗೆ ಮೆಂತಿ ಅರ್ದ್ ಹಾಕಿ ಕಾಣಿ. ಎಂಟ್ ದಿನದಗೆ ಹೊಟ್ಟ್ ಓಡ್ಕ್!"

ಹೋಟೆಲಿನಲ್ಲಿ ಮೆಂತೆಗೆ ಬರವೇ, ಹುಳಿ ಮಜ್ಜಿಗೆಗೆ ಬರವೇ? ಮಧ್ಯಾಹ್ನದ ಊಟಕ್ಕೂ ಸಂಜೆಯ ಟೀಗೂ ನಡುವೆ ಬಿಡುವಿದ್ದಾಗ ನನ್ನನ್ನು ಹಿತ್ತಿಲ ಬಾಗಿಲಲ್ಲಿ ಕೂರಿಸಿ ತಲೆಗೆ ಮೆತ್ತಿದರು. ನೇರ ಕೂದಲಿನವರಾಗಿದ್ದರೆ ತೊಳೆದರೆ ಹೋಗುತ್ತಿತ್ತೋ ಏನೋ. ನನ್ನ ಸುರುಳಿಗಳು ಒಳಗೆ ಹೋದ ಮೆಂತೆಯನ್ನು ಬಿಟ್ಟುಕೊಡಲಿಲ್ಲ. ಮರುದಿನವೂ ಒಂದೊಂದೇ ಚೂರು ಗಿರಾಕಿಗಳ ಬಿಲ್ಲಿನ ಮೇಲೆ ಉದುರಿತು. ಲೋಕಲ್‌ನಲ್ಲಿ ನನ್ನ ಸುತ್ತ ಮೊದಲ ಬಾರಿಗೆ ಒಂದಿಷ್ಟು ಜಾಗ ಸಿಕ್ಕಿತು, ಹುಳಿ ವಾಸನೆಯ ಪುಣ್ಯ. ಎರಡನೆಯ ವಾರ ನಿಂಬೆಹಣ್ಣು. ಕೆರೆದು ಗಾಯವಾದ ನೆತ್ತಿಗೆ ನಿಂಬೆರಸ ಹಿಂಡಿದರೆ ಏನಾಗುತ್ತದೆಂದು ನಿಮಗೆ ವಿವರಿಸಬೇಕಾಗಿಲ್ಲ. ನಾನು ಕಿರುಚಿದ್ದಕ್ಕೆ ರಾಘವಣ್ಣ, "ಕಾಣಿ, ಕೆಲ್ಸ ಮಾಡ್ತಿತ್ತ್" ಎಂದು ಸಂತೋಷಪಟ್ಟರು.

ಆಗ ಕಣ್ಣಿಗೆ ಬಿತ್ತು, ಹುಬ್ಬಿನ ನಡುವೆ, ಮೂಗಿನ ಎರಡೂ ಬದಿಗೆ ಕೆಂಪಾಗಿ ಸಿಪ್ಪೆ ಏಳುತ್ತಿದೆ. ಇದು ಅಡುಗೆಮನೆಯ ಕೈ ಮೀರಿದ್ದು ಎಂದು ದಹಿಸರ್‌ನ ಚರ್ಮದ ಡಾಕ್ಟರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಮರಾಠಿ ಹೆಣ್ಣುಮಗಳು. ಭೂತಗನ್ನಡಿ ಹಿಡಿದು ನನ್ನ ತಲೆಯೊಳಗೆ ಇಣುಕಿ, "ಕಾಕಾ, ತೇಲ್ ಲಗಾತೇ ಹೋ?" ಎಂದು ಕೇಳಿದಳು. ನಾನು ಅಭಿಮಾನದಿಂದ, ಹೌದು, ಪ್ರತಿ ವಾರ, ಚೆನ್ನಾಗಿ ಹಚ್ಚುತ್ತೇವೆ ಎಂದೆ.

"ಬಂದ್" ಎಂದಳು.

ಇದು ಬರೀ ಹೊಟ್ಟಲ್ಲ, ಸೆಬೊರಿಕ್ ಡರ್ಮಟೈಟಿಸ್ ಎಂದು ಹೆಸರು ಹೇಳಿದಳು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಕೊಳಕಿನಿಂದ ಬರುವುದೂ ಅಲ್ಲ ಎಂದಳು. ಎಲ್ಲರ ಚರ್ಮದ ಮೇಲೂ ಕಣ್ಣಿಗೆ ಕಾಣದ ಒಂದು ಜೀವಿ ಇರುತ್ತದಂತೆ. ಕೆಲವರ ಚರ್ಮ ಅದರ ಸಹವಾಸಕ್ಕೆ ಸಿಟ್ಟಾಗುತ್ತದೆ. ಆ ಜೀವಿಗೆ ಊಟ ಎಂದರೆ ಎಣ್ಣೆ. ನನಗೆ ತಟ್ಟನೆ ಅರ್ಥವಾಯಿತು. ಮೂವತ್ತು ವರ್ಷ ನಾನು ಬೈಕುಲ್ಲಾದಲ್ಲಿ ಒಂದು ಹೋಟೆಲು, ತಲೆಯ ಮೇಲೆ ಇನ್ನೊಂದು ಹೋಟೆಲು ನಡೆಸುತ್ತಾ ಬಂದಿದ್ದೇನೆ. ಎರಡನೆಯದರಲ್ಲಿ ಊಟ ಪುಕ್ಕಟೆ. ಎಣ್ಣೆ ಹಚ್ಚಿದಾಗ ಹೊಟ್ಟು ಹೋದದ್ದಲ್ಲ, ಅಂಟಿಕೊಂಡು ಕೂತದ್ದು.

ಔಷಧದ ಶಾಂಪೂ ಬರೆದುಕೊಟ್ಟಳು, ಮುಖಕ್ಕೆ ಕೆಲವು ದಿನಕ್ಕೆ ಒಂದು ಮುಲಾಮು. ಹೆಚ್ಚಿನವರು ಗುಂಗುರು ಕೂದಲಿನ ಮೇಲ್ಮೇಲೆ ನೊರೆ ಮಾಡಿಕೊಂಡು ಏಳುತ್ತಾರೆ, ಔಷಧ ಚರ್ಮಕ್ಕೆ ಮುಟ್ಟುವುದೇ ಇಲ್ಲ ಎಂದಳು. ಕೂದಲನ್ನು ಸಾಲು ಸಾಲಾಗಿ ಬಿಡಿಸಿ, ಬೈತಲೆ ತೆಗೆದು, ಬುಡಕ್ಕೆ ಹಚ್ಚಿ ಐದು ನಿಮಿಷ ಬಿಡಬೇಕು. ದಿನಾ ತೊಳೆದರೆ ಇಂಥ ಕೂದಲು ಒಣಗಿ ಮುರಿಯುತ್ತದೆ, ಮೊದಲ ಕೆಲವು ವಾರ ಎರಡು ಸಲ, ಆಮೇಲೆ ಒಂದು ಸಲ ಸಾಕು. ಒರಟಾಗದ ಹಾಗೆ ಕಂಡೀಷನರ್ ಬೇಕಾದರೆ ಕೂದಲ ತುದಿಗೆ ಮಾತ್ರ. ಯಾವಾಗ ಪೂರ್ತಿ ಹೋಗುತ್ತದೆ ಎಂದು ಕೇಳಿದೆ. "ಜಾಯೇಗಾ ನಹೀ, ಕಾಕಾ. ಹಿಡಿತದಲ್ಲಿಟ್ಟುಕೊಳ್ಳಬೇಕು, ಬಿಪಿ ಇದ್ದ ಹಾಗೆ" ಎಂದು ಹಿಂದಿಯಲ್ಲೇ ಸಮಾಧಾನ ಹೇಳಿದಳು.

ಮನೆಗೆ ಬಂದು ಇದನ್ನೆಲ್ಲ ಸುಮತಿಗೆ ಹೇಳಿದೆ. ಗಿರಾಕಿಗಳ ಮುಖ ಓದುತ್ತೇನೆಂದು ಜಂಭ ಕೊಚ್ಚಿದೆನಲ್ಲ, ಎದುರು ಕೂತ ಹೆಂಡತಿಯ ಮುಖ ಓದಲಿಲ್ಲ. ತಲೆಯ ಮೇಲಿನ ಹೋಟೆಲಿನ ತಮಾಷೆಯನ್ನೂ ಸೇರಿಸಿ, ನಗುತ್ತಾ ಹೇಳಿದೆ.

"ಹಾಗಾದ್ರೆ ಇಷ್ಟು ವರ್ಷ ನಾನು ಹಚ್ಚಿದ್ದು ರೋಗವಾ?" ಎಂದಳು.

"ಹಾಗಲ್ಲ ಮಾರಾಯ್ತಿ, ನಮಗೆ ಗೊತ್ತಿರಲಿಲ್ಲ."

"ಆಯ್ತಲ್ಲ, ಈಗ ಗೊತ್ತಾಯ್ತು. ಇನ್ನು ನಿಮ್ಮ ತಲೆ ನೀವೇ ನೋಡ್ಕೊಳ್ಳಿ."

ಮುಂದಿನ ಭಾನುವಾರ ಮಣೆ ಗೋಡೆಗೆ ಒರಗಿಕೊಂಡೇ ಇತ್ತು. ನಾನು ಬಚ್ಚಲಿನಲ್ಲಿ ಸಣ್ಣ ಕನ್ನಡಿ ಗೋಡೆಗೆ ಆನಿಸಿಟ್ಟು, ಬಾಚಣಿಗೆಯ ಬಾಲದಿಂದ ಬೈತಲೆ ತೆಗೆದುಕೊಂಡೆ. ಮುಂದಿನದು ಸಿಕ್ಕಿತು, ಬದಿಯದು ಸಿಕ್ಕಿತು. ತಲೆಯ ಹಿಂಭಾಗ ಮನುಷ್ಯನ ಸ್ವಂತ ಆಸ್ತಿಯಾದರೂ ಅವನ ಕೈಗೆ ಸಿಗುವುದಿಲ್ಲ ಎಂಬುದು ಆಗ ತಿಳಿಯಿತು. ಅಂದಾಜಿನಲ್ಲಿ ಹಚ್ಚಿದೆ. ಆದರೂ ಗುಣ ಕಂಡಿತು. ಮೂರನೆಯ ವಾರಕ್ಕೆ ತುರಿಕೆ ನಿಂತಿತು, ಮೂಗಿನ ಕೆಂಪು ಇಳಿಯಿತು. ಐದನೆಯ ವಾರ ಸುಹಾಸನ ಕಪ್ಪು ಟೀ ಶರ್ಟ್ ಹಾಕಿಕೊಂಡು ಕನ್ನಡಿಯ ಮುಂದೆ ತಲೆ ಜೋರಾಗಿ ಕೊಡವಿದೆ. ಒಂದು ಚೂರೂ ಬೀಳಲಿಲ್ಲ. ಒಬ್ಬನೇ ನಿಂತು ನಕ್ಕೆ. ಗಲ್ಲಾ ನನ್ನದೇ ಎಂದು ಖಾತ್ರಿಯಾಯಿತು. ಮನೆಯಲ್ಲಿ ಮಾತ್ರ ಸುಮತಿ ಬೇಕಾದಷ್ಟೇ ಮಾತಾಡುತ್ತಿದ್ದಳು. ಬಿಲ್ಡಿಂಗಿನಲ್ಲಿ ಹೊಸ ಸೆಕ್ರೆಟರಿ ಬಂದದ್ದು ನನಗೆ ವಾಚ್‌ಮನ್‌ನಿಂದ ತಿಳಿಯಿತು.

ದೀಪಾವಳಿ ಬಂತು. ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆ ಸ್ನಾನ ಮಾಡದವರು ನಮ್ಮಲ್ಲಿಲ್ಲ. ನಾನು ಎದ್ದು ಬರುವಾಗ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿತ್ತು. ಸುತ್ತ ರಂಗೋಲಿ, ಪಕ್ಕದಲ್ಲಿ ದೀಪ, ಬಟ್ಟಲು ತುಂಬ ಬೆಚ್ಚಗಿನ ಎಣ್ಣೆ. ಸುಮತಿ ಸ್ಟೂಲಿನ ಮೇಲೆ ಕೂತಿರಲಿಲ್ಲ, ಬದಿಗೆ ನಿಂತಿದ್ದಳು.

"ಹಬ್ಬ ಅಂತ ಇಟ್ಟದ್ದು. ಬೇಡದಿದ್ರೆ ಬೇಡ. ದೇವರಿಗೆ ತೋರಿಸಿ ತೆಗ್ದಿಡ್ತೇನೆ."

ಲೆಕ್ಕ ನನಗೆ ಚೆನ್ನಾಗಿ ಗೊತ್ತಿತ್ತು. ಹೋಟೆಲು ಶುರುವಾಗಲು ಇನ್ನು ಕೆಲವೇ ದಿನ. ಹಬ್ಬದ ಓಡಾಟ, ಹೋಟೆಲಿನ ತಯಾರಿ, ನಡುವೆ ಔಷಧ ಹಾಕಿ ತೊಳೆಯಲು ಪುರಸೊತ್ತಿಲ್ಲ. ಈಗ ಎಣ್ಣೆ ಬಿದ್ದರೆ ಕಪ್ಪು ಅಂಗಿಯ ಮೇಲೆ ಏನಾಗುತ್ತದೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ನಾನು ಮಣೆಯ ಮೇಲೆ ಕೂತೆ.

ಅವಳು ತಕ್ಷಣ ಕೈ ಹಾಕಲಿಲ್ಲ. "ನಿಮ್ಮ ಡಾಕ್ಟರಮ್ಮ?"

"ಅವಳಿಗೆ ದೀಪಾವಳಿ ರಜೆ."

ಬೆರಳುಗಳು ನೆತ್ತಿಗೆ ತಾಗಿದವು. ಆರು ವಾರದ ಸುದ್ದಿ ಒಂದೊಂದಾಗಿ ಹೊರಬಂತು. ಕೊನೆಗೆ, ಹಿಂದಿನಿಂದ, ನನಗೆ ಮುಖ ಕಾಣದ ಜಾಗದಿಂದ ಹೇಳಿದಳು, "ಎಣ್ಣೆಯ ಸಂಕಟ ಅಲ್ಲ ನಂಗೆ. ಭಾನುವಾರದ ಈ ಅರ್ಧ ಗಂಟೆ ಬಿಟ್ರೆ ನೀವು ನಂಗೆ ಎಲ್ಲಿ ಸಿಗ್ತೀರಿ?"

ಇದನ್ನು ಆರು ವಾರ ಮೊದಲೇ ಕೇಳಬೇಕಾದವನು ನಾನು. "ಬರುವ ಭಾನುವಾರದಿಂದ ಔಷಧ ನೀನೇ ಹಚ್ಚು. ಹಿಂದೆ ನನ್ನ ಕೈ ಹೋಗುವುದಿಲ್ಲ" ಎಂದೆ.

"ಎಷ್ಟು ಹೊತ್ತು ಹಿಡೀತದೆ?"

"ಹಚ್ಚಿದ ಮೇಲೆ ಐದು ನಿಮಿಷ."

"ಐದೇ ನಿಮಿಷವಾ?"

"ಈ ಕೂದಲಿನಲ್ಲಿ ಬೈತಲೆ ತೆಗೆಯಲಿಕ್ಕೇ ಮುಕ್ಕಾಲು ಗಂಟೆ ಬೇಕು, ನೋಡು ಬೇಕಾದರೆ."

ಅವಳು ನಕ್ಕದ್ದು ಬೆರಳುಗಳಲ್ಲಿ ಗೊತ್ತಾಯಿತು. ಬಟ್ಟಲಿನ ಎಣ್ಣೆ ಪೂರ್ತಿ ಮುಗಿಸಿದಳು, ಒಂದು ಹನಿಯೂ ಬಿಡಲಿಲ್ಲ.

ಹೊಸ ಹೋಟೆಲು ಶುರುವಾದ ಬೆಳಿಗ್ಗೆ ಮೈಮೇಲೆ ಕಪ್ಪು ಅಂಗಿ, ಗಲ್ಲಾ ಅದೇ, ತಲೆ ಮಾತ್ರ ಹಳೆಯದಕ್ಕೆ ಮರಳಿತ್ತು. ಎಂಟು ಗಂಟೆಗೆ ಒಂದು ಚುಕ್ಕೆ. ಹತ್ತಕ್ಕೆ ಎರಡೂ ಭುಜ. ಕೊಡವಿಕೊಂಡಷ್ಟೂ ಹೊಸದು. ಹನ್ನೊಂದರ ಹೊತ್ತಿಗೆ ಒಬ್ಬ ವಕೀಲರು ಬಿಲ್ಲು ಕೊಡಲು ಬಂದರು. ಕೋರ್ಟಿಗೆ ಹೋಗುವ ಕಪ್ಪು ಕೋಟು, ಗಟ್ಟಿ ಮುಖ. ಅವರ ಕಣ್ಣು ನನ್ನ ಬಲಭುಜದ ಮೇಲೆ ನಿಂತಿತು. ಅಲ್ಲಿಂದ ಕದಲಲಿಲ್ಲ. ಅವರ ಹಿಂದೆ ನಾಲ್ಕು ಜನರ ಸಾಲು. ಸುಹಾಸ ಆ ಕಡೆಯಿಂದ ನೋಡಿ, ಬಾಗಿಲಲ್ಲಿ ನಿಂತಿದ್ದ ಅತಿಥಿಗಳನ್ನು ಬಿಟ್ಟು ಬೇಗ ಬೇಗ ನನ್ನ ಕಡೆಗೆ ಬಂದ. ನನ್ನನ್ನು ಮೇಲಿನ ಆಫೀಸಿಗೆ ಕಳಿಸಲು ಬರುತ್ತಿದ್ದಾನೆಂದು ನನಗೆ ತಿಳಿಯಿತು. ಅವನು ಬಾಯಿ ತೆರೆಯುವ ಮೊದಲು ನಾನೇ ತೆರೆದೆ.

"ರೂಸೀ ಹೈ, ಸಾಬ್" ಎಂದೆ. ತಲೆಹೊಟ್ಟು, ಸ್ವಾಮಿ. ಸಾಲಿನಲ್ಲಿದ್ದ ಎಲ್ಲರಿಗೂ ಕೇಳಿಸುವ ಹಾಗೆ, ಕಾಫಿಯ ಬೆಲೆ ಹೇಳುವ ದನಿಯಲ್ಲಿ ಹೇಳಿದೆ. ಅಂಟುವ ಕಾಯಿಲೆಯಲ್ಲ, ಔಷಧ ನಡೆಯುತ್ತಿದೆ, ದೀಪಾವಳಿಗೆ ಹೆಂಡತಿ ಎಣ್ಣೆ ಹಚ್ಚಿದಳು, ಬೇಡ ಎನ್ನಲು ಮನಸ್ಸಾಗಲಿಲ್ಲ, ಅದಕ್ಕೇ ಮತ್ತೆ ಬಂದಿದೆ, ಇನ್ನೆರಡು ವಾರಕ್ಕೆ ಹೋಗುತ್ತದೆ ಎಂದೂ ಸೇರಿಸಿದೆ. ಮೂವತ್ತು ವರ್ಷದಲ್ಲಿ ಆ ಶಬ್ದವನ್ನು ಗಲ್ಲಾದ ಮೇಲಿಂದ ಉಚ್ಚರಿಸಿದ್ದು ಅದೇ ಮೊದಲು. ಆಕಾಶವೇನೂ ಕಳಚಿ ಬೀಳಲಿಲ್ಲ.

ವಕೀಲರು ಅಲ್ಲಾಡಲಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಗಲ್ಲಾದ ಮೇಲೆ ಬಾಗಿದರು. ಹತ್ತಿರ ಬಂದಾಗ ಅವರ ಕೋಟಿನ ಕಾಲರಿನ ಮೇಲೆ ನನ್ನ ಕಣ್ಣು ಬಿತ್ತು. ಕಪ್ಪಿನ ಮೇಲೆ ಬಿಳಿ, ನನ್ನದಕ್ಕಿಂತ ಎರಡು ಪಟ್ಟು.

"ಡಾಕ್ಟರ್ ಕೌನ್ ಹೈ?" ಎಂದು ಪಿಸುಗುಟ್ಟಿದರು.

ಬಿಲ್ಲಿನ ಹಿಂಭಾಗದಲ್ಲಿ ಡಾಕ್ಟರ ವಿಳಾಸ ಬರೆದುಕೊಟ್ಟೆ. ಸುಹಾಸ ನನ್ನ ಪಕ್ಕಕ್ಕೆ ಬಂದು ನಿಂತಿದ್ದ. ಅಂಗೈಯಿಂದ ನನ್ನ ಬಲಭುಜವನ್ನು ಎರಡು ಸಲ ಸವರಿ ಕೊಡವಿದ. ಎಡಭುಜವನ್ನೂ ಕೊಡವಿದ.

"ಅಣ್ಣ," ಎಂದ, "ಹಿಂದಿನವರು ಕಾಯ್ತಿದ್ದಾರೆ. ಬಿಲ್ ತಗೊಳ್ಳಿ."